ಸಹಿ ಕೇಳಿಕೊಂಡು ಹೊರಟ ಬೈಂಡರ್

ಬೆಳಗಿನ ಐದೂಮುಕ್ಕಾಲು. ಆಲಪ್ಪುಳದ ಕಾಲುವೆ ದಂಡೆಯಲ್ಲಿರುವ ಹಳೆಯ ಕಾಲೇಜಿನ ಗ್ರಂಥಾಲಯದ ಜಗಲಿಯಲ್ಲಿ ಪುಷ್ಕರನ್ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಹಸಿರು ಬಟ್ಟೆಯ ರಟ್ಟು ಹಾಕಿದ ದಪ್ಪ ಸಂಪುಟವೊಂದಿದೆ. ಅದರ ಬೆನ್ನನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸುತ್ತಾರೆ, ಅಂಟು ಮೆತ್ತಗಾಗಲಿ ಎಂದು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಸಣ್ಣ ಚೂರಿಯ ತುದಿಯಿಂದ ಹೊಲಿಗೆಯ ದಾರವನ್ನು ಒಂದೊಂದಾಗಿ ಕತ್ತರಿಸುತ್ತಾ ಹೋಗುತ್ತಾರೆ. ಒಂದು ಹಾಳೆಯೂ ಹರಿಯಬಾರದು.

"ಇದನ್ನ ಹೊಲಿದವನೂ ನಾನೇ" ಎನ್ನುತ್ತಾರೆ, ತಲೆ ಎತ್ತದೆ. "ಎಂಬತ್ತೆಂಟನೇ ಇಸವಿ. ಈ ಗಂಟು ನೋಡಿ, ಎಷ್ಟು ಬಿಗಿ ಇದೆ. ನೂರು ವರ್ಷ ಬಿಚ್ಚಬಾರದು ಅಂತ ಹಾಕಿದ್ದು. ಆಗಿನ ನನ್ನನ್ನ ಈಗ ಬೈಕೊಂಡು ಕೂತಿದ್ದೀನಿ."

ಬಿಚ್ಚಿದ ಹಾಳೆಗಳು ಒಳಗಿನ ಸ್ಕ್ಯಾನರಿಗೆ ಹೋಗುತ್ತವೆ. ಒಂಬತ್ತು ಗಂಟೆಗೆ ಪರೀಕ್ಷಾ ವಿಭಾಗದವರು ಬಂದು ಆ ಕೋಣೆಯನ್ನು ತಮ್ಮದು ಮಾಡಿಕೊಳ್ಳುತ್ತಾರೆ. ಅಷ್ಟರೊಳಗೆ ನೂರಿಪ್ಪತ್ತು ಪುಟ ಮುಗಿಯಬೇಕು. ಅದಾದ ಮೇಲೆ ಹಾಲಿಲ್ಲದ ಒಂದು ಕಟ್ಟನ್ ಚಾಯ ಕುಡಿದು, ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡು ಪುಷ್ಕರನ್ ಎರಡನೆಯ ಕೆಲಸಕ್ಕೆ ಹೊರಡುತ್ತಾರೆ. ಬಸ್ಸೋ ಬೋಟೋ ಹಿಡಿದು ಊರೂರು ತಿರುಗಿ, ಐವತ್ತು ವರ್ಷದ ಹಿಂದೆ ಲೇಖನ ಬರೆದು ಮರೆತುಹೋದವರನ್ನು ಹುಡುಕಿ, ಅವರಿಂದ ಒಂದು ಸಹಿ ಹಾಕಿಸಿಕೊಂಡು ಬರುವುದೇ ಆ ಕೆಲಸ.

ಈ ಕಾಲೇಜಿನ ಜೀವಶಾಸ್ತ್ರದ ಮೇಷ್ಟರುಗಳು ಸೇರಿ ‘ಜಲಜೀವಿ’ ಎಂಬ ಸಂಶೋಧನಾ ಪತ್ರಿಕೆಯೊಂದನ್ನು ನಲವತ್ತೆರಡು ವರ್ಷ ನಡೆಸಿದರು. ವರ್ಷಕ್ಕೆ ಎರಡರಂತೆ ಎಂಬತ್ತನಾಲ್ಕು ಸಂಚಿಕೆ, ಒಟ್ಟು ಒಂಬೈನೂರ ಹದಿಮೂರು ಲೇಖನ. ಹಿನ್ನೀರಿನ ಮೀನು, ಏಡಿ, ಸೊಳ್ಳೆ, ತೆಂಗಿನ ನಾರು ಕೊಳೆಸುವ ಗುಂಡಿಯ ಹುಳು, ಉಪ್ಪುನೀರಿನ ಭತ್ತ ಎಲ್ಲದರ ಬಗ್ಗೆಯೂ ಅದರಲ್ಲಿ ಬರೆದವರಿದ್ದಾರೆ. ಯಾವ ಸಂಚಿಕೆಯೂ ಮುನ್ನೂರು ಪ್ರತಿಗಿಂತ ಹೆಚ್ಚು ಅಚ್ಚಾಗಲಿಲ್ಲ. ಪತ್ರಿಕೆ ನಿಂತುಹೋಯಿತು, ಪ್ರತಿಗಳು ಚದುರಿದವು. ಉಳಿದ ಒಂದು ಪೂರ್ತಿ ಸರಣಿ ಈ ಗ್ರಂಥಾಲಯದ ಗಾಜಿನ ಬೀರುವಿನಲ್ಲಿತ್ತು. ಕಾರ್ಡು ಇದ್ದವರಿಗೆ ಮಾತ್ರ ನೋಡಲು ಅವಕಾಶ.

ಆರು ವರ್ಷದ ಹಿಂದೆ ಒಂದು ಕಂಪನಿಯವರು ಬಂದರು. ಸಂಪುಟಗಳನ್ನೆಲ್ಲ ತಾವೇ ಸ್ಕ್ಯಾನ್ ಮಾಡಿಕೊಡುತ್ತೇವೆ, ಕಾಲೇಜು ಕೈಯಿಂದ ಏನೂ ಕೊಡಬೇಕಾಗಿಲ್ಲ, ಆದರೆ ಅಂತರ್ಜಾಲದಲ್ಲಿ ಓದಬೇಕೆನ್ನುವವರು ಮಾತ್ರ ತಮಗೆ ಶುಲ್ಕ ಕಟ್ಟಬೇಕು ಎಂದರು. ಸಭೆಯಲ್ಲಿ ಹಲವರು ತಲೆಯಾಡಿಸಿದರು. ಗ್ರಂಥಪಾಲಕಿ ಹಸೀನಾ ಟೀಚರ್ ಒಪ್ಪಲಿಲ್ಲ. ಸಂಪುಟಗಳನ್ನು ಹೊತ್ತು ತಂದು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತಿದ್ದ ಪುಷ್ಕರನ್ ಆಗ ಮೊದಲ ಸಲ ಸಭೆಯಲ್ಲಿ ಬಾಯಿ ತೆರೆದರು. "ಬರೆದವರು ನಮ್ಮವರು. ಮೀನು ಹಿಡಿದುಕೊಟ್ಟವರು ನಮ್ಮವರು. ಹೊಲಿದಿದ್ದು ನಾನು. ಓದೋದಕ್ಕೆ ಮಾತ್ರ ಅವರ ಅಪ್ಪಣೆ ಯಾಕೆ ಬೇಕು?"

ಹಾಗಾದರೆ ಈ ಕೆಲಸವನ್ನೆಲ್ಲ ಮಾಡುವವರು ಯಾರು ಎಂದು ಯಾರೋ ಕೇಳಿದರು. ಪುಷ್ಕರನ್ ಅದರ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು, ಸಂಪುಟಗಳನ್ನು ಎತ್ತಿ ತರಲು ಆವತ್ತು ಕರೆಸಿಕೊಂಡಿದ್ದರು. "ನಾಳೆಯಿಂದ ಬರ್ತೀನಿ" ಎಂದರು. ಈಗ ಅವರಿಗೆ ಅರವತ್ಮೂರು.

ಹತ್ತನೇ ತರಗತಿಯಲ್ಲಿ ಇಂಗ್ಲಿಷಿಗೆ ಎರಡು ಸಲ ನಪಾಸಾಗಿ, ಚಿಕ್ಕಪ್ಪನ ಅಂಗಡಿಯಲ್ಲಿ ರಟ್ಟು ಕಟ್ಟುವುದನ್ನು ಕಲಿತವರು ಅವರು. ಇಪ್ಪತ್ತೆರಡನೆಯ ವಯಸ್ಸಿಗೆ ಕಾಲೇಜಿಗೆ ಬಂದರು. ಬೆಳಿಗ್ಗೆ ಮೈದಾಹಿಟ್ಟಿನ ಅಂಟು ಕಾಸುವುದು, ಹುಳ ಬೀಳದಂತೆ ಅದಕ್ಕೆ ಮೈಲುತುತ್ತ ಬೆರೆಸುವುದು, ಮಧ್ಯಾಹ್ನ ಬಾಗಿಲ ಬಳಿ ಕೂತು ಕಾರ್ಡು ನೋಡಿ ಒಳಗೆ ಬಿಡುವುದು, ಹೀಗೆ ಮೂವತ್ತನಾಲ್ಕು ವರ್ಷ ಕಳೆಯಿತು. ಹೊಲಿಯುವಾಗ ಕಣ್ಣಿಗೆ ಬಿದ್ದ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಾ ಹೋಗಿ, ಶೀರ್ಷಿಕೆಗಳು ಅರ್ಥವಾಗುವ ಮಟ್ಟಕ್ಕೆ ಬಂದರು. ಮೈಲುತುತ್ತ ಬಲಗೈಯ ಬೆರಳ ತುದಿಗಳನ್ನು ತಿಂದಿದೆ. ಮೊಬೈಲಿಗೆ ಅವರ ಹೆಬ್ಬೆರಳ ಗುರುತೇ ಸಿಗುವುದಿಲ್ಲ.

ಹಳೆಯ ಪತ್ರಿಕೆ ಯಾವ ಲೇಖಕರಿಂದಲೂ ಒಪ್ಪಿಗೆ ಬರೆಸಿಕೊಂಡಿರಲಿಲ್ಲ. ಎಲ್ಲರಿಗೂ ತೆರೆದಿಡಬೇಕಾದರೆ ಬರೆದವರೋ ಅವರ ಮನೆಯವರೋ ಒಪ್ಪಬೇಕು. ಹಸೀನಾ ಟೀಚರ್ ಒಂದು ಪುಟದ ಒಪ್ಪಿಗೆ ಪತ್ರ ತಯಾರಿಸಿದರು. ಅದರಲ್ಲಿ ಇರುವುದು ಇಷ್ಟೇ: ಈ ಲೇಖನವನ್ನು ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಿಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಬಹುದು, ಬರೆದವರ ಹೆಸರನ್ನು ಮಾತ್ರ ಬಿಡಬಾರದು.

ಇದುವರೆಗೆ ಎಂಟುನೂರ ನಲವತ್ತಾರು ಲೇಖನಗಳಿಗೆ ಒಪ್ಪಿಗೆ ಸಿಕ್ಕಿದೆ. ಒಂಬತ್ತು ಮಂದಿ ಒಲ್ಲೆ ಎಂದಿದ್ದಾರೆ. ಕುವೈತಿನಲ್ಲಿ ಇರುವವರು ಫೋನಿನಲ್ಲೇ ಸಹಿ ಹಾಕಿ ಕಳಿಸಿದರು. ಸೊಳ್ಳೆಗಳ ಬಗ್ಗೆ ಬರೆದಿದ್ದವರೊಬ್ಬರು ಈಗ ಪಾದ್ರಿ, ಪೂಜೆ ಮುಗಿಯುವ ತನಕ ಕಾಯಿಸಿ, ಹಲಸಿನ ಹಣ್ಣು ಕೊಟ್ಟು ಕಳಿಸಿದರು. ತೀರಿಕೊಂಡ ಲೇಖಕರೊಬ್ಬರ ಮಗ ತನ್ನ ಆಟೋದ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಮಾಡುತ್ತಾ, "ನಮ್ಮಪ್ಪ ಇದನ್ನೆಲ್ಲ ಬರೆದಿದ್ರಾ?" ಎಂದು ಎರಡು ಸಲ ಕೇಳಿದನಂತೆ.

ಪುಷ್ಕರನ್ ಬರಿಗೈಯಲ್ಲಿ ಹೋಗುವುದಿಲ್ಲ. ಆಯಾ ಲೇಖನವನ್ನು ಪ್ರತಿ ತೆಗೆದು, ತೆಳುವಾದ ರಟ್ಟು ಹಾಕಿ ಹೊಲಿದು ಒಯ್ದು ಕೊಡುತ್ತಾರೆ. ಸಹಿಯಾದ ಮೇಲೆ ಅವರದೊಂದು ಪ್ರಶ್ನೆ ಇದ್ದೇ ಇರುತ್ತದೆ. "ಇಷ್ಟು ಓದಿದೆ ಸಾರ್. ಆಮೇಲೆ ಆ ಮೀನು ಏನಾಯ್ತು?"

ಹೆಂಡತಿ ಸರಸುವಿಗೆ ಈ ಪ್ರಶ್ನೆ ಗೊತ್ತು. "ಮೀನು ಏನಾಯ್ತು ಅಂತ ಊರೆಲ್ಲ ಕೇಳ್ಕೊಂಡು ಬರ್ತಾರೆ" ಎನ್ನುತ್ತಾರೆ ಆಕೆ. "ಪೇಟೆಯಿಂದ ಒಂದು ಮೀನು ತನ್ನಿ ಅಂದ್ರೆ ಮಾತ್ರ ಮರೆತು ಬರ್ತಾರೆ."

ಹೋದ ವರ್ಷ ಪುಷ್ಕರನ್ ಕೈಗೆ ಬಂದದ್ದು ಎಂಬತ್ತೇಳನೇ ಇಸವಿಯ ಒಂದು ಲೇಖನ. ವೇಂಬನಾಡು ಹಿನ್ನೀರಿನ ಕರಿಯ ಕಪ್ಪೆಚಿಪ್ಪು, ಅಂದರೆ ಇಲ್ಲಿಯವರು ಮುಳುಗಿ ಬಾಚಿ ತೆಗೆದು ಮಾರುವ ಕಕ್ಕ, ಯಾವ ತಿಂಗಳಲ್ಲಿ ಮೊಟ್ಟೆ ಕಟ್ಟುತ್ತದೆ ಎಂಬುದರ ಲೆಕ್ಕ ಅದರಲ್ಲಿತ್ತು. ಬರೆದವರು ಇದೇ ಕಾಲೇಜಿನಲ್ಲಿದ್ದ ಪ್ರೊಫೆಸರ್ ಇಟ್ಟಿಯವಿರ, ಈಗ ಎಂಬತ್ತೆರಡು ವರ್ಷ, ಕೋಟ್ಟಯಂನಲ್ಲಿದ್ದಾರೆ ಎಂದು ತಿಳಿಯಿತು. ಪುಷ್ಕರನ್ ಮುಹಮ್ಮ ಎಂಬ ಊರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬೋಟಿನಲ್ಲಿ ಹಿನ್ನೀರು ದಾಟಿ ಕುಮರಗಂ ಸೇರಿ, ಮತ್ತೆ ಬಸ್ಸು ಹಿಡಿದು ಅವರ ಮನೆ ತಲುಪಿದರು.

ಪ್ರೊಫೆಸರರು ಒಪ್ಪಿಗೆ ಪತ್ರವನ್ನು ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ನಾನು ಸಹಿ ಹಾಕೋದಕ್ಕಾಗಲ್ಲ, ಪುಷ್ಕರಾ."

"ಯಾಕೆ ಸಾರ್? ದುಡ್ಡು ಕೇಳೋ ಕಾಗದ ಅಲ್ಲ ಇದು."

"ಅದಲ್ಲ. ಬರೆದವರ ಹೆಸರು ಬಿಡಬಾರದು ಅಂತ ಇಲ್ಲಿ ನೀವೇ ಬರೆದಿದ್ದೀರಲ್ಲ. ನಾನು ಬಿಟ್ಟಿದ್ದೀನಿ."

ಆಮೇಲೆ ಅವರೇ ಬಿಡಿಸಿ ಹೇಳಿದರು. ಮುಹಮ್ಮ ಊರಿನ ಪಕ್ಕದ ಕಾಯಿಪ್ಪುರಂನಲ್ಲಿ ಪಂಕಜಾಕ್ಷಿ ಎಂಬ ಹೆಂಗಸಿದ್ದಳು. ಗಂಡ ಮುಳುಗಿ ಕಕ್ಕ ತೆಗೆಯುತ್ತಿದ್ದ, ಇವಳು ಬೇಯಿಸಿ ಮಾಂಸ ಬಿಡಿಸುತ್ತಿದ್ದಳು. ಎರಡು ವರ್ಷ, ಒಂದು ವಾರವೂ ತಪ್ಪಿಸದೆ, ನೂರು ಕಕ್ಕ ಒಡೆದು ಅದರಲ್ಲಿ ಎಷ್ಟಕ್ಕೆ ಮೊಟ್ಟೆಯಿದೆ ಎಂದು ಎಣಿಸಿ ಹೇಳಿದವಳು ಅವಳೇ. ಬರಿಗಣ್ಣಿಗೆ ಕಾಣುವ ಬಣ್ಣದಿಂದ ಅದನ್ನು ಗುರುತಿಸುವುದನ್ನು ಪ್ರೊಫೆಸರರಿಗೆ ಕಲಿಸಿದವಳೂ ಅವಳೇ. ಲೇಖನಕ್ಕೆ ಅವಳ ಹೆಸರನ್ನೂ ಸೇರಿಸುತ್ತೇನೆ ಎಂದಾಗ, ವಿಭಾಗದ ಹಿರಿಯರು ನಕ್ಕರು. ಕೂಲಿಯವಳ ಹೆಸರು ಹಾಕಿದರೆ ಪತ್ರಿಕೆಯ ಮರ್ಯಾದೆ ಏನಾಗಬೇಕು ಎಂದರು. ಕೊನೆಗೆ ಲೇಖನದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಮಾದರಿ ಸಂಗ್ರಹಿಸಿಕೊಟ್ಟ ಸ್ಥಳೀಯ ಕೂಲಿಯವರಿಗೆ ಕೃತಜ್ಞತೆಗಳು’ ಎಂದು ಬಂತು.

"ಅವಳು ಬದುಕಿದ್ದರೆ ಮೊದಲು ಅವಳನ್ನ ಕೇಳು" ಎಂದರು ಪ್ರೊಫೆಸರರು. "ಅವಳು ಸಹಿ ಹಾಕಿದರೆ ನಾನೂ ಹಾಕ್ತೀನಿ."

ಪಂಕಜಾಕ್ಷಿ ಬದುಕಿದ್ದರು. ಎಪ್ಪತ್ತಾರು ವರ್ಷ. ಬೋಟಿನ ಕಟ್ಟೆಯಿಂದ ಹತ್ತು ನಿಮಿಷದ ದಾರಿ. ಹಿತ್ತಲಲ್ಲಿ ಕಕ್ಕದ ಚಿಪ್ಪಿನ ರಾಶಿ, ಒಲೆಯ ಮೇಲೆ ಕುದಿಯುವ ಹಂಡೆ. ಪುಷ್ಕರನ್ ಚೀಲದಿಂದ ಕಾಗದ ತೆಗೆದದ್ದೇ ತಡ, ಮುದುಕಿ ಮೊರವನ್ನು ಕೆಳಗಿಟ್ಟರು.

"ಸಹಿ ಗಿಹಿ ಏನೂ ಹಾಕಲ್ಲ. ಒಂದು ಸಲ ಹಾಕಿ ದಂಡೆಯ ಜಾಗ ಹೋಗಿದೆ ನಮಗೆ."

"ಜಾಗದ ಕಾಗದ ಅಲ್ಲ ಚೇಚಿ. ಇಟ್ಟಿಯವಿರ ಸಾರ್ ಬರೆದಿದ್ರಲ್ಲ, ಕಕ್ಕದ ವಿಷಯ, ಅದು."

"ಓ, ಆ ಈಜು ಬಾರದ ಮೇಷ್ಟ್ರು." ಮುದುಕಿ ಸೆರಗಿನಿಂದ ಕೈ ಒರೆಸಿಕೊಂಡರು. "ಹಾಗಾದ್ರೆ ಆ ಪುಸ್ತಕ ಇದೇನಾ? ಓದು ನೋಡೋಣ. ಎಷ್ಟು ವರ್ಷದಿಂದ ಕೇಳ್ತಾ ಇದ್ದೀನಿ ಅದನ್ನ."

ಹಸೀನಾ ಟೀಚರ್ ಮಲಯಾಳದಲ್ಲಿ ಬಿಡಿಸಿ ಹೇಳಿಕೊಟ್ಟಿದ್ದನ್ನು ಪುಷ್ಕರನ್ ಒಂದೊಂದು ಸಾಲಾಗಿ ಹೇಳುತ್ತಾ ಹೋದರು. ಪಂಕಜಾಕ್ಷಿ ತಲೆಯಾಡಿಸುತ್ತಾ ಕೇಳಿದರು. ತಿಂಗಳುಗಳ ಪಟ್ಟಿ ಬಂತು. ಎಡವ ಮಾಸ, ಅಂದರೆ ಮೇ ನಡುವಿನಿಂದ ಜೂನ್ ನಡುವಿನವರೆಗೆ, ನೂರಕ್ಕೆ ಇಪ್ಪತ್ಮೂರು. ಅದರ ಮುಂದಿನ ಮಿಥುನ ಮಾಸ, ನೂರಕ್ಕೆ ಅರವತ್ತನಾಲ್ಕು.

"ತಪ್ಪು" ಎಂದರು ಮುದುಕಿ.

"ಅಚ್ಚಾಗಿರೋದು ಹಾಗೇ ಇದೆ ಚೇಚಿ."

"ಅಚ್ಚಾದ್ರೆ ಏನಾಯ್ತು? ಎಡವಕ್ಕೆ ಅರವತ್ತನಾಲ್ಕು, ಮಿಥುನಕ್ಕೆ ಇಪ್ಪತ್ಮೂರು. ಮಿಥುನಕ್ಕೆ ಮಳೆ ಹಿಡಿದು ನೀರೆಲ್ಲ ಸಿಹಿಯಾಗಿರುತ್ತೆ, ಆಗ ಯಾವ ಕಕ್ಕ ಮೊಟ್ಟೆ ಕಟ್ಟುತ್ತೆ? ಯಾರೋ ಸಾಲು ಅದಲು ಬದಲು ಮಾಡಿದ್ದಾರೆ."

ಪುಷ್ಕರನ್ ಪೆನ್ನು ತೆಗೆದು ಆ ಎರಡು ಸಾಲಿನ ಪಕ್ಕ ಗುರುತು ಹಾಕಿಕೊಂಡರು. ಪಂಕಜಾಕ್ಷಿ ಮುಂದಿನದನ್ನೂ ಹೇಳಿದರು. ಕಕ್ಕ ತೆಗೆಯುವವರ ಸಂಘ ಪ್ರತಿ ವರ್ಷ ಒಂದು ತಿಂಗಳು ಹಿನ್ನೀರಿಗೆ ಬಿಡುವು ಕೊಡುತ್ತದೆ. ಮೊಟ್ಟೆ ಇಡುವ ಕಾಲದಲ್ಲಿ ತೆಗೆಯಬಾರದು ಎಂದು. ಇದೇ ಲೇಖನದ ಪಟ್ಟಿಯನ್ನು ನಂಬಿ ಯಾರೋ ಹಂಚಿದ ಕರಪತ್ರ ನೋಡಿ ಮಿಥುನ ಮಾಸವನ್ನು ಗೊತ್ತುಮಾಡಿದ್ದರು. ಅಂದರೆ ಮೊಟ್ಟೆ ತುಂಬಿದ ಕಕ್ಕವನ್ನೆಲ್ಲ ಎಡವದಲ್ಲಿ ಬಾಚಿ ಮುಗಿಸಿ, ಆಮೇಲೆ ಬಿಡುವು. ಕಕ್ಕ ವರ್ಷ ವರ್ಷ ಕಡಿಮೆಯಾಗುತ್ತಿತ್ತು.

"ನಾನು ಸಂಘದಲ್ಲಿ ಬಾಯಿ ಬಡ್ಕೊಂಡೆ. ದೊಡ್ಡ ಮೇಷ್ಟ್ರು ಪುಸ್ತಕದಲ್ಲಿ ಬರೆದಿದ್ದಾರೆ, ನಿನಗೇನು ಗೊತ್ತು ಅಂದ್ರು. ಆ ಪುಸ್ತಕ ತೋರಿಸಿ ಅಂದೆ. ಕಾಲೇಜಲ್ಲಿದೆ ಅಂದ್ರು. ಅಲ್ಲಿಗೂ ಹೋದೆ, ತೊಂಬತ್ತೆಂಟರಲ್ಲೋ ಏನೋ. ಬಾಗಿಲಲ್ಲಿ ಒಬ್ಬ ಕೂತಿದ್ದ. ಕಾರ್ಡ್ ಇದೆಯಾ ಅಂದ. ಇಲ್ಲ ಅಂದೆ. ಹಾಗಾದ್ರೆ ಆಗಲ್ಲ ಅಂದ."

"ಅದು ನಾನೇ ಇರಬೇಕು ಚೇಚಿ" ಎಂದರು ಪುಷ್ಕರನ್.

ಮುದುಕಿ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಅವನಿಗೆ ತಲೆತುಂಬ ಕೂದಲಿತ್ತು."

"ನನಗೂ ಇತ್ತು."

"ಹೋಗಲಿ ಬಿಡು. ಈಗ ತಂದ್ಯಲ್ಲ. ಕಕ್ಕ ಹುರಿದಿದ್ದೀನಿ, ಎರಡು ತುತ್ತು ಊಟ ಮಾಡ್ಕೊಂಡು ಹೋಗು."

ಆ ಊಟದ ಮಾತು ಬಂದರೆ ಪುಷ್ಕರನ್ ಈಗಲೂ ಹೇಳುತ್ತಾರೆ. "ಆವತ್ತು ನಾನು ಯಾವ ತಪ್ಪೂ ಮಾಡಿರಲಿಲ್ಲ. ನಿಯಮ ಹಾಗಿತ್ತು. ಆ ಕಾಲದಲ್ಲಿ ಎಷ್ಟು ಜನಕ್ಕೆ ಹಾಗೆ ಅಂದೆನೋ, ಯಾರ ಮುಖವೂ ನೆನಪಿಲ್ಲ. ಅದೇ ನನ್ನನ್ನ ಕೊರೆಯೋದು."

ಮರುದಿನವೇ ಮತ್ತೆ ಕೋಟ್ಟಯಂಗೆ ಹೋದರು. ಪ್ರೊಫೆಸರರು ಮಂಚದ ಕೆಳಗಿನ ಟ್ರಂಕು ಎಳೆಸಿ, ಹಳೆಯ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದರು. ನೀಲಿ ಶಾಯಿ ನೀರಿಗೆ ಹರಡಿತ್ತು, ಅಂಕಿಗಳು ಮಾತ್ರ ಸ್ಪಷ್ಟವಾಗಿದ್ದವು. ಎಡವ, ಅರವತ್ತನಾಲ್ಕು. ಮಿಥುನ, ಇಪ್ಪತ್ಮೂರು. ಅಚ್ಚು ಮೊಳೆ ಜೋಡಿಸುವವರು ಎರಡು ಸಾಲನ್ನು ಹಿಂದುಮುಂದು ಮಾಡಿದ್ದರು.

"ಅಚ್ಚಾಗಿ ಬಂದ ಮೇಲೆ ನೀವು ನೋಡಲಿಲ್ವಾ ಸಾರ್?"

"ನೋಡಿದೆ" ಎಂದರು ಪ್ರೊಫೆಸರರು. "ನನ್ನ ಹೆಸರಿನ ಅಕ್ಷರ ಸರಿ ಇದೆಯಾ ಅಂತ ನೋಡಿಕೊಂಡೆ. ಮುಂದಿನ ಪುಟ ತಿರುಗಿಸಲಿಲ್ಲ."

ಮುಂದಿನ ವಾರ, ಮಗಳು ಬೇಡವೆಂದರೂ ಕೇಳದೆ, ಕೋಲೂರಿಕೊಂಡು ಅವರು ಪುಷ್ಕರನ್ ಜೊತೆ ಬೋಟು ಹತ್ತಿದರು. ಮೂವತ್ತೆಂಟು ವರ್ಷದ ಮೇಲೆ ಕಾಯಿಪ್ಪುರಂಗೆ ಬರುತ್ತಿದ್ದರು. ಪಂಕಜಾಕ್ಷಿ ಜಗಲಿಯಿಂದ ಎದ್ದು ನಿಂತರು.

"ಗುರುತು ಸಿಕ್ತಾ ಪಂಕಜಾಕ್ಷಿ?"

"ಸಾರ್, ಈಜು ಕಲಿತ್ರಾ?"

"ಇಲ್ಲ."

"ಮತ್ತೆ ಯಾವ ಧೈರ್ಯದ ಮೇಲೆ ಬೋಟು ಹತ್ತಿದ್ರಿ? ಕೂತ್ಕೊಳ್ಳಿ."

ಪ್ರೊಫೆಸರರು ಕೂರಲಿಲ್ಲ. "ಆವತ್ತು ನಿನ್ನ ಹೆಸರು ಹಾಕಬೇಕಿತ್ತು. ಹಾಕಲಿಲ್ಲ. ಯಾರೋ ನಕ್ಕರು ಅಂತ ಹೆದರಿದೆ" ಎಂದರು. ಪಂಕಜಾಕ್ಷಿ ಒಳಗೆ ಹೋಗಿ ನೀರು ತಂದುಕೊಟ್ಟರು. ಅವರು ಕುಡಿದು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದರು.

ಹೆಸರುಗಳ ಸರದಿ ಬಂದಾಗ ಪಂಕಜಾಕ್ಷಿಯದೇ ಮೊದಲಿರಲಿ ಎಂದು ಪ್ರೊಫೆಸರರು ಹಟ ಹಿಡಿದರು. ಮುದುಕಿ ಒಪ್ಪಲಿಲ್ಲ. "ಸಾರ್ ಹೆಸರೇ ಮೊದಲಿರಲಿ. ಯಾರಾದ್ರೂ ಬೈಯೋದಾದ್ರೆ ಮೊದಲು ಅವರನ್ನೇ ಬೈಯಲಿ" ಎಂದರು. ಆಮೇಲೆ ಪೆನ್ನು ತೆಗೆದುಕೊಂಡು, ಮಲಯಾಳದ ದುಂಡು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ತಮ್ಮ ಹೆಸರು ಬರೆದರು. ಅದರ ಕೆಳಗೆ ಪ್ರೊಫೆಸರರು ಬರೆದರು.

ಕಾಲೇಜಿನಲ್ಲಿ ತಕರಾರು ಬಾರದೆ ಇರಲಿಲ್ಲ. ಅಚ್ಚಾದ ಲೇಖನವನ್ನು ಮೂವತ್ತೆಂಟು ವರ್ಷದ ಮೇಲೆ ತಿದ್ದುವುದು ಎಲ್ಲಾದರೂ ಉಂಟೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಹಳೆಯ ಪುಟವನ್ನು ಮುಟ್ಟುವುದಿಲ್ಲ, ತಪ್ಪು ಇದ್ದ ಹಾಗೇ ಇರಲಿ, ಅದರ ಮುಂದೆ ತಿದ್ದುಪಡಿಯ ಹಾಳೆ ಸೇರಿಸುತ್ತೇವೆ ಎಂದರು ಹಸೀನಾ ಟೀಚರ್. ಪ್ರೊಫೆಸರರ ಟಿಪ್ಪಣಿ ಪುಸ್ತಕದ ಪುಟಗಳನ್ನೂ ಸ್ಕ್ಯಾನ್ ಮಾಡಿ ಜೊತೆಗಿಟ್ಟರು. ಎರಡು ತಿಂಗಳ ಚರ್ಚೆಯ ನಂತರ ಲೇಖನ ಅಂತರ್ಜಾಲಕ್ಕೆ ಹೋಯಿತು. ಬರೆದವರು: ಇಟ್ಟಿಯವಿರ, ಕೋಟ್ಟಯಂ; ಪಂಕಜಾಕ್ಷಿ, ಕಾಯಿಪ್ಪುರಂ.

ಯಾವ ಲೇಖನವನ್ನು ಯಾವ ಊರಿನಿಂದ ಎಷ್ಟು ಮಂದಿ ತೆರೆದರು ಎಂಬುದು ಯಂತ್ರಕ್ಕೆ ಗೊತ್ತಾಗುತ್ತದೆ. ಪ್ರತಿ ಸೋಮವಾರ ಹಸೀನಾ ಟೀಚರ್ ಆ ಪಟ್ಟಿಯನ್ನು ಪುಷ್ಕರನ್‌ಗೆ ಓದಿ ಹೇಳುತ್ತಾರೆ. ಕಕ್ಕದ ಲೇಖನವನ್ನು ಮೊದಲ ತಿಂಗಳಲ್ಲೇ ನಾನೂರ ಹನ್ನೆರಡು ಮಂದಿ ತೆರೆದರು. ಬಾಂಗ್ಲಾದ ಖುಲ್ನಾದಿಂದ ಮೂವತ್ತೊಂದು, ಬ್ರೆಜಿಲ್‌ನಿಂದ ಹದಿನೆಂಟು.

"ಖುಲ್ನಾದವರಿಗೆ ನಮ್ಮ ಕಕ್ಕ ಯಾಕೆ ಟೀಚರ್?"

"ಅಲ್ಲೂ ಹಿನ್ನೀರಿದೆ ಚೇಟ್ಟ. ಅಲ್ಲೂ ಯಾರೋ ಎಣಿಸ್ತಾ ಇರಬೇಕು."

"ಮುಹಮ್ಮ ಊರಿಂದ ಎಷ್ಟು?"

"ಒಂಬತ್ತು."

ಆ ಒಂಬತ್ತರಲ್ಲಿ ಒಂದು, ಸಂಘದ ಕಾರ್ಯದರ್ಶಿಯ ಫೋನು. ಈ ವರ್ಷದ ಸಭೆಯಲ್ಲಿ ಆತ ತಿದ್ದಿದ ಪಟ್ಟಿಯನ್ನು ಎದ್ದು ನಿಂತು ಗಟ್ಟಿಯಾಗಿ ಓದಿದ. ಪಂಕಜಾಕ್ಷಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಬಿಡುವು ಎಡವ ಮಾಸಕ್ಕೆ ಬಂತು. ಕಕ್ಕ ಹೆಚ್ಚುತ್ತದೆಯೋ ಇಲ್ಲವೋ ತಿಳಿಯಲು ಇನ್ನೂ ಎರಡು ಮೂರು ವರ್ಷ ಬೇಕು. "ಉಪ್ಪುನೀರು ತಡೆಯೋ ಅಣೆಕಟ್ಟಿನ ಬಾಗಿಲು ಯಾವಾಗ ತೆಗೀತಾರೆ ಅನ್ನೋದರ ಮೇಲೂ ಇದೆ" ಎನ್ನುತ್ತಾರೆ ಪಂಕಜಾಕ್ಷಿ. "ಆದ್ರೆ ಈಗ ನನ್ನ ಮಾತಿಗೆ ಯಾರೂ ‘ನಿನಗೇನು ಗೊತ್ತು’ ಅನ್ನಲ್ಲ. ಅಂದ್ರೆ ಫೋನು ತೆಗೆದು ತೋರಿಸ್ತೀನಿ."

ಪುಷ್ಕರನ್ ಕೆಲಸ ಇದರಿಂದ ಕಡಿಮೆಯಾಗಲಿಲ್ಲ. ಸಿಗದ ಲೇಖಕರ ಐವತ್ತೆಂಟು ಲೇಖನಗಳು ಇನ್ನೂ ಬಾಕಿ ಇವೆ. ಅದರ ಜೊತೆಗೆ ಈಗ ಅವರು ಇನ್ನೊಂದನ್ನು ಮೈಮೇಲೆ ಎಳೆದುಕೊಂಡಿದ್ದಾರೆ. ಸ್ಕ್ಯಾನ್ ಮಾಡುವಾಗ ಪ್ರತಿ ಲೇಖನದ ಕೊನೆಯ ಸಣ್ಣ ಅಕ್ಷರಗಳನ್ನು ಓದುತ್ತಾರೆ. ‘ಬಲೆ ಬೀಸಿದ ಬೆಸ್ತರಿಗೆ’, ‘ಗಿಡ ತೋರಿಸಿದ ಅಜ್ಜಿಗೆ’, ‘ಸಹಾಯಕನಿಗೆ’ ಎಂದು ಹೆಸರಿಲ್ಲದೆ ಕೃತಜ್ಞತೆ ಸಲ್ಲಿಸಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಳ್ಳುತ್ತಾರೆ. ಇಂಥವು ನಲವತ್ತೇಳು ಸಿಕ್ಕಿವೆ. ಆರು ಮಂದಿಯ ಹೆಸರು ಗೊತ್ತಾಗಿದೆ. ಹೆಸರು ಸಿಕ್ಕ ಲೇಖನಗಳಿಗೆ ಹಸೀನಾ ಟೀಚರ್ ಒಂದು ಸಾಲಿನ ಟಿಪ್ಪಣಿ ಸೇರಿಸುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಪುಷ್ಕರನ್ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜುತ್ತಾ ಸ್ವಲ್ಪ ಯೋಚಿಸುತ್ತಾರೆ.

"ಅರವತ್ತೊಂಬತ್ತನೇ ಇಸವಿ ಸಂಚಿಕೆಯಲ್ಲಿ ‘ನಮ್ಮ ದೋಣಿಯವನಿಗೆ’ ಅಂತ ಒಂದಿದೆ. ಇಡೀ ಮಳೆಗಾಲ ಮೇಷ್ಟ್ರುಗಳನ್ನ ಹೊತ್ತು ತಿರುಗಿಸಿದ್ದಾನೆ. ನೆಡುಮುಡಿ ಕಡೆಯವನಂತೆ. ಬದುಕಿದ್ರೆ ತೊಂಬತ್ತು ದಾಟಿರಬೇಕು. ಅಲ್ಲಿ ಒಬ್ಬರಿಗೆ ಗೊತ್ತಿದೆ ಅಂದ್ರು. ನಾಳೆ ಮೊದಲನೇ ಬೋಟಿಗೆ ಹೋಗಿ ಹೆಸರು ಕೇಳ್ಕೊಂಡು ಬರ್ತೀನಿ."